ಟೈಮ್‌ಕೋಡ್ ಹೊಂದಾಣಿಕೆ: ಹಲವು ಕ್ಯಾಮೆರಾಗಳಿಗೆ ಒಂದೇ ಗಡಿಯಾರ

ಡಿಜಿಟಲ್ ಸಿನಿಮಾ ಕ್ಯಾಮೆರಾ ತಾನು ಸೆರೆಹಿಡಿಯುವ ಪ್ರತಿಯೊಂದು ಫ್ರೇಮಿಗೂ ಒಂದು ಸಂಖ್ಯೆಯನ್ನು ನೀಡುತ್ತದೆ. ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಎಂಬ ನಾಲ್ಕು ಜೋಡಿ ಅಂಕಿಗಳಲ್ಲಿ ದಾಖಲಾಗುವ ಈ ಸಂಖ್ಯೆಯೇ ಟೈಮ್‌ಕೋಡ್. ಉದಾಹರಣೆಗೆ 21:14:36:08 ಎಂದರೆ ರಾತ್ರಿ 9 ಗಂಟೆ 14 ನಿಮಿಷ 36ನೆಯ ಸೆಕೆಂಡಿನ ಒಂಬತ್ತನೆಯ ಫ್ರೇಮು; ಫ್ರೇಮುಗಳ ಎಣಿಕೆ ಸೊನ್ನೆಯಿಂದ ಆರಂಭವಾಗುವುದೇ ಇದಕ್ಕೆ ಕಾರಣ. ಒಂದೇ ದೃಶ್ಯವನ್ನು ಚಿತ್ರೀಕರಿಸುತ್ತಿರುವ ಎಲ್ಲ ಕ್ಯಾಮೆರಾಗಳೂ, ಪ್ರತ್ಯೇಕವಾಗಿ ಧ್ವನಿಮುದ್ರಿಸುತ್ತಿರುವ ರೆಕಾರ್ಡರ್ ಸಹ, ಒಂದೇ ಕ್ಷಣಕ್ಕೆ ಒಂದೇ ಸಂಖ್ಯೆಯನ್ನು ನೀಡುವಂತೆ ಮಾಡುವ ವ್ಯವಸ್ಥೆಗೆ ಟೈಮ್‌ಕೋಡ್ ಹೊಂದಾಣಿಕೆ ಎಂದು ಹೆಸರು.

ಸಿನಿಮಾ ಕ್ಯಾಮೆರಾದಲ್ಲಿ ಧ್ವನಿಯನ್ನು ಮುದ್ರಿಸುವುದು ಸಾಧ್ಯವಿದ್ದರೂ ಚಿತ್ರೀಕರಣದ ಮುಖ್ಯ ಧ್ವನಿ ಪ್ರತ್ಯೇಕ ರೆಕಾರ್ಡರಿನಲ್ಲಿಯೇ ದಾಖಲಾಗುತ್ತದೆ. ದಿನದ ಕೊನೆಗೆ ಚಿತ್ರದ ಕಡತಗಳು ಒಂದೆಡೆ, ಧ್ವನಿಯ ಕಡತಗಳು ಇನ್ನೊಂದೆಡೆ ಸೇರುತ್ತವೆ. ಇವುಗಳಲ್ಲಿ ಯಾವುದು ಯಾವುದರ ಜೋಡಿ, ಎಲ್ಲಿಂದ ಎಲ್ಲಿಗೆ ಕೂಡುತ್ತದೆ ಎಂಬುದನ್ನು ಕಂಡುಹಿಡಿಯಬೇಕಾದವನು ಸಂಕಲನಕಾರ. ಟೈಮ್‌ಕೋಡ್ ಸರಿಯಾಗಿದ್ದಲ್ಲಿ ಈ ಕೆಲಸ ಕೆಲವು ನಿಮಿಷಗಳದ್ದು. ತಪ್ಪಿದ್ದಲ್ಲಿ ಕೆಲವು ದಿನಗಳದ್ದು.

ಭಾರತೀಯ ಚಿತ್ರರಂಗದಲ್ಲಿ ಈ ಪ್ರಶ್ನೆ ದೀರ್ಘಕಾಲ ಅಷ್ಟಾಗಿ ಕಾಡಲಿಲ್ಲ. ಓಡುವಾಗ ಗಣನೀಯವಾಗಿ ಸದ್ದು ಮಾಡುತ್ತಿದ್ದ ಆರಿಫ್ಲೆಕ್ಸ್ 2ಸಿಯಂತಹ ಕ್ಯಾಮೆರಾಗಳ ಕಾಲದಲ್ಲಿ ಮಾತುಗಳನ್ನು ನಂತರ ಸ್ಟುಡಿಯೋದಲ್ಲಿ ಡಬ್ ಮಾಡುವುದೇ ಪದ್ಧತಿಯಾಗಿ ಬೇರೂರಿತು. 2001ರ ‘ಲಗಾನ್’ ಚಿತ್ರ ಚಿತ್ರೀಕರಣದ ಸ್ಥಳದಲ್ಲಿಯೇ ಮುದ್ರಿಸಿದ ಧ್ವನಿಯನ್ನು ಬಳಸಿಕೊಂಡ ಮೇಲೆ ಸಿಂಕ್ ಸೌಂಡ್ ಎಂಬ ಮಾತು ನಮ್ಮಲ್ಲಿ ಹೆಚ್ಚು ಪ್ರಚಲಿತವಾಯಿತು. ಕನ್ನಡದಲ್ಲಿ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪುರಸ್ಕೃತವಾದ ರಾಮ್ ರೆಡ್ಡಿ ಅವರ ‘ತಿಥಿ’ಯನ್ನು ನೋಡಿದವರಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಮಂಡ್ಯ ಸೀಮೆಯ ಗ್ರಾಮಸ್ಥರೇ ಪಾತ್ರಧಾರಿಗಳಾಗಿರುವ ಅಂತಹ ಚಿತ್ರದ ಮಾತನ್ನು ಧ್ವನಿಮುದ್ರಣ ಕೊಠಡಿಯಲ್ಲಿ ಮತ್ತೊಮ್ಮೆ ಹುಟ್ಟಿಸುವುದು ಸುಲಭವಲ್ಲ.

ಮತ್ತೊಮ್ಮೆ ಪಡೆಯಲಾಗದ ಧ್ವನಿಗೆ ಇನ್ನೂ ಕಠಿಣವಾದ ಉದಾಹರಣೆ ನಮ್ಮ ಕರಾವಳಿಯಲ್ಲಿಯೇ ಇದೆ. ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟವೊಂದನ್ನು ಮೂರು ಕ್ಯಾಮೆರಾಗಳಲ್ಲಿ ದಾಖಲಿಸುವ ಸಂದರ್ಭವನ್ನು ಪರಿಗಣಿಸಬಹುದು. ಭಾಗವತರು ಆ ರಾತ್ರಿ ಹಾಡಿದ ರೀತಿಯಲ್ಲಿ ಮರುದಿನ ಹಾಡಲಾರರು. ಅರ್ಥಧಾರಿಯ ಮಾತಂತೂ ಆ ಕ್ಷಣದ್ದೇ. ಚೆಂಡೆಯ ಪೆಟ್ಟು ಕಿವಿಗೆ ಬೀಳುವುದಕ್ಕೂ ಕೋಲು ಇಳಿಯುವುದು ಕಣ್ಣಿಗೆ ಕಾಣುವುದಕ್ಕೂ ಎರಡು ಮೂರು ಫ್ರೇಮುಗಳ ಅಂತರ ಬಿದ್ದರೂ ನೋಡುಗನಿಗೆ ಕಿರಿಕಿರಿಯಾಗುತ್ತದೆ. ಈ ಲೇಖನದಲ್ಲಿ ವಿವರಣೆಗೆ ಅನುಕೂಲವಾಗುವೆಡೆಗಳಲ್ಲಿ ಈ ಉದಾಹರಣೆಯನ್ನೇ ಬಳಸಲಾಗಿದೆ.

ಸಂಖ್ಯೆಯ ಒಳಗೇನಿದೆ

1960ರ ದಶಕದ ಉತ್ತರಾರ್ಧದಲ್ಲಿ ವಿಡಿಯೋ ಟೇಪಿನ ಸಂಕಲನಕ್ಕಾಗಿ ರೂಪುಗೊಂಡ ಈ ಪದ್ಧತಿಯನ್ನು ಅಮೆರಿಕದ ಚಲನಚಿತ್ರ ಮತ್ತು ದೂರದರ್ಶನ ಎಂಜಿನಿಯರುಗಳ ಸಂಘಟನೆಯಾದ ಎಸ್‌ಎಂಪಿಟಿಇ ಪ್ರಮಾಣೀಕರಿಸಿತು. ಇಂದಿಗೂ ಅದು ‘ಸಿಂಪ್ಟಿ ಟೈಮ್‌ಕೋಡ್’ ಎಂದೇ ಪ್ರಸಿದ್ಧ. ಒಂದು ಉಪಕರಣದಿಂದ ಇನ್ನೊಂದಕ್ಕೆ ಕೇಬಲಿನ ಮೂಲಕ ಸಾಗುವ ಅದರ ರೂಪಕ್ಕೆ ಎಲ್‌ಟಿಸಿ ಎಂದು ಹೆಸರು. ಪ್ರತಿ ಫ್ರೇಮಿಗೆ 80 ಬಿಟ್‌ಗಳು. ಇವುಗಳಲ್ಲಿ 26 ಬಿಟ್‌ಗಳು ಕಾಲವನ್ನು ಸೂಚಿಸುತ್ತವೆ. 32 ಬಿಟ್‌ಗಳು ಬಳಕೆದಾರರ ಸ್ವಂತ ಟಿಪ್ಪಣಿಗೆ ಮೀಸಲು. ಕೊನೆಯ 16 ಬಿಟ್‌ಗಳು ಫ್ರೇಮು ಇಲ್ಲಿಗೆ ಮುಗಿಯಿತೆಂದು ಸಾರುವ ಗುರುತು. ಉಳಿದ ಕೆಲವು ಸಂಜ್ಞೆಗಳಿಗೆ ಬಳಕೆಯಾಗುತ್ತವೆ.

ಸೆಕೆಂಡಿಗೆ 25 ಫ್ರೇಮುಗಳಾದರೆ ಒಟ್ಟು 2000 ಬಿಟ್‌ಗಳು. ಈ ವೇಗ ಮನುಷ್ಯನ ಕಿವಿಗೆ ಕೇಳುವ ಶಬ್ದದ ವ್ಯಾಪ್ತಿಯಲ್ಲಿಯೇ ಇರುವುದರಿಂದ ಎಲ್‌ಟಿಸಿ ಸಂಕೇತವನ್ನು ಸಾಮಾನ್ಯ ಧ್ವನಿಯಂತೆಯೇ ಸಾಗಿಸಬಹುದು, ಮುದ್ರಿಸಲೂಬಹುದು. ಸ್ಪೀಕರಿನಲ್ಲಿ ಕೇಳಿದರೆ ಜೀರುಂಡೆಯನ್ನು ಡಬ್ಬಿಯಲ್ಲಿ ಕೂಡಿಹಾಕಿದಂತಹ ಕರ್ಕಶ ಸದ್ದು. ಈ ಗುಣ ಮುಂದೆ ಬಹಳ ಪ್ರಯೋಜನಕ್ಕೆ ಬರುತ್ತದೆ.

ಮೊದಲು ಫ್ರೇಮಿನ ವೇಗ

ಹೊಂದಾಣಿಕೆಯ ಕೆಲಸ ಆರಂಭವಾಗುವುದು ಕೇಬಲಿನಿಂದಲ್ಲ, ಪ್ರಾಜೆಕ್ಟಿನ ಫ್ರೇಮಿನ ವೇಗವನ್ನು ನಿರ್ಧರಿಸುವುದರಿಂದ. ಚಿತ್ರಮಂದಿರಕ್ಕೆ ಸೆಕೆಂಡಿಗೆ 24. ಭಾರತದ ದೂರದರ್ಶನ ಪದ್ಧತಿಗೆ 25. ಯಾವುದಾದರೂ ಆಗಲಿ, ಎಲ್ಲ ಉಪಕರಣಗಳಲ್ಲಿಯೂ ಅದೇ ಇರತಕ್ಕದ್ದು.

ಇಲ್ಲಿ ಹೆಚ್ಚಿನವರು ಎಡವುವುದು 24 ಹಾಗೂ 23.976 ಎಂಬ ಎರಡು ಆಯ್ಕೆಗಳ ನಡುವೆ. ಎರಡನೆಯದನ್ನು ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ 23.98 ಎಂದು ಬರೆದಿರುತ್ತಾರೆ. ಅಮೆರಿಕದ ವರ್ಣ ದೂರದರ್ಶನ ವ್ಯವಸ್ಥೆಗೆ ಹೊಂದಿಕೊಳ್ಳಲು ಹುಟ್ಟಿದ ಈ ವೇಗ 24ಕ್ಕಿಂತ ಸಾವಿರಕ್ಕೆ ಒಂದು ಭಾಗದಷ್ಟು ನಿಧಾನ. ನೋಡುವುದಕ್ಕೆ ಕ್ಷುಲ್ಲಕ. ಆದರೆ ಒಂದು ಗಂಟೆಯಲ್ಲಿ ಎರಡರ ಎಣಿಕೆಗೂ ಬೀಳುವ ಅಂತರ 3.6 ಸೆಕೆಂಡು, ಎಂಟು ಗಂಟೆಗಳ ಚಿತ್ರೀಕರಣದ ಕೊನೆಗೆ ಸುಮಾರು 29 ಸೆಕೆಂಡು. ರೆಕಾರ್ಡರ್ 24ರಲ್ಲಿದ್ದು ಕ್ಯಾಮೆರಾ 23.976ರಲ್ಲಿದ್ದರೆ ಬೆಳಗ್ಗೆ ಎಷ್ಟೇ ಶ್ರದ್ಧೆಯಿಂದ ಹೊಂದಿಸಿದ್ದರೂ ಮಧ್ಯಾಹ್ನದ ಊಟದ ಹೊತ್ತಿಗೆ ಅದು ನಿಷ್ಪ್ರಯೋಜಕ. ನಮ್ಮಲ್ಲಿ 23.976 ಬಳಸಲು ಅಮೆರಿಕದ ಪ್ರಸಾರ ಸಂಸ್ಥೆಗೋ ಅಂತರ್ಜಾಲ ವೇದಿಕೆಗೋ ಒಪ್ಪಿಸುವ ಕರಾರಿನ ಹೊರತು ಬೇರೆ ಕಾರಣವಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಕ್ಯಾಮೆರಾ ಕಾರ್ಖಾನೆಯಿಂದ ಹಾಗೆಯೇ ಬಂದಿದೆ ಎಂಬುದು ಕಾರಣವಾಗಲಾರದು.

ಅಮೆರಿಕದ್ದೇ ಆದ 29.97 ವೇಗದಲ್ಲಿ ‘ಡ್ರಾಪ್ ಫ್ರೇಮ್’ ಎಂಬ ಇನ್ನೊಂದು ತೊಡಕಿದೆ. ಎಣಿಕೆಯು ನಿಜವಾದ ಗಡಿಯಾರಕ್ಕೆ ಸರಿಹೊಂದಲೆಂದು ಪ್ರತಿ ನಿಮಿಷದ ಆರಂಭದಲ್ಲಿ ಎರಡು ಸಂಖ್ಯೆಗಳನ್ನು ಬಿಟ್ಟುಬಿಡಲಾಗುತ್ತದೆ. ಪ್ರತಿ ಹತ್ತನೆಯ ನಿಮಿಷಕ್ಕೆ ಮಾತ್ರ ವಿನಾಯಿತಿ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ, ಕೈಬಿಡುವುದು ಸಂಖ್ಯೆಯನ್ನೇ ಹೊರತು ಚಿತ್ರವನ್ನಲ್ಲ. 24 ಅಥವಾ 25ರಲ್ಲಿ ಕೆಲಸ ಮಾಡುವವರಿಗೆ ಇದರ ಗೊಡವೆಯೇ ಇಲ್ಲ.

ಬಯಲಾಟದ ಉದಾಹರಣೆಗೆ ಮರಳಿದರೆ, ಅಲ್ಲಿ 25 ಸೂಕ್ತ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್ ಆಗಿರುವುದರಿಂದ 180 ಡಿಗ್ರಿ ಷಟರಿನಲ್ಲಿ ದೀಪಗಳ ಮಿನುಗು ಚಿತ್ರದಲ್ಲಿ ಕಾಣಿಸಿಕೊಳ್ಳುವುದು ತಪ್ಪುತ್ತದೆ. 24ರಲ್ಲಿಯೇ ಚಿತ್ರೀಕರಿಸಬೇಕಾದರೆ ಷಟರನ್ನು 172.8 ಡಿಗ್ರಿಗೆ ಇಡುವುದು ವಾಡಿಕೆ.

ಫ್ರೀ ರನ್ ಮತ್ತು ರೆಕ್ ರನ್

ಕ್ಯಾಮೆರಾದ ಟೈಮ್‌ಕೋಡ್ ಮೆನುವಿನಲ್ಲಿ ಎರಡು ವಿಧಾನಗಳು ಕಾಣಸಿಗುತ್ತವೆ. ರೆಕ್ ರನ್ ವಿಧಾನದಲ್ಲಿ ಮುದ್ರಣ ನಡೆಯುತ್ತಿರುವಾಗ ಮಾತ್ರ ಎಣಿಕೆ ಮುಂದುವರಿಯುತ್ತದೆ, ನಿಲ್ಲಿಸಿದಾಗ ನಿಲ್ಲುತ್ತದೆ. ಒಂದೇ ಕ್ಯಾಮೆರಾದಲ್ಲಿ ಕೆಲಸ ಮಾಡುವಾಗ ಇದು ಅಚ್ಚುಕಟ್ಟು. ಫ್ರೀ ರನ್ ವಿಧಾನದಲ್ಲಿ ಮುದ್ರಣ ನಡೆಯಲಿ ಬಿಡಲಿ, ಎಣಿಕೆ ಗಡಿಯಾರದಂತೆ ಸಾಗುತ್ತಲೇ ಇರುತ್ತದೆ. ಹಲವು ಉಪಕರಣಗಳ ಹೊಂದಾಣಿಕೆಗೆ ಬೇಕಾದುದು ಇದೇ. ರೆಡ್ ಕ್ಯಾಮೆರಾಗಳಲ್ಲಿ ಇದೇ ಭೇದವನ್ನು ‘ಎಡ್ಜ್’ ಮತ್ತು ‘ಟೈಮ್ ಆಫ್ ಡೇ’ ಎಂಬ ಹೆಸರುಗಳಲ್ಲಿ ಕಾಣಬಹುದು. ಹೊಂದಾಣಿಕೆಗೆ ಎರಡನೆಯದನ್ನು ಆರಿಸಬೇಕು.

ನಿಧಾನಗತಿಯ ದೃಶ್ಯಗಳಿಗೆ ಮಾತ್ರ ಈ ನಿಯಮ ಅನ್ವಯಿಸದು. ಸೆಕೆಂಡಿಗೆ 100 ಫ್ರೇಮು ತೆಗೆದು 25ರಲ್ಲಿ ತೋರಿಸುವಾಗ ಫ್ರೇಮುಗಳ ಎಣಿಕೆಗೂ ಗಡಿಯಾರಕ್ಕೂ ಸಂಬಂಧವೇ ಕಡಿದುಹೋಗುತ್ತದೆ. ಆರಿ ಅಲೆಕ್ಸಾದಂತಹ ಕ್ಯಾಮೆರಾಗಳು ಇಂತಹ ಸಂದರ್ಭದಲ್ಲಿ ತಾವಾಗಿಯೇ ರೆಕ್ ರನ್‌ಗೆ ಹೋಗುತ್ತವೆ. ಮರಳಿ ಸಾಮಾನ್ಯ ವೇಗಕ್ಕೆ ಬಂದ ಕೂಡಲೇ ಟೈಮ್‌ಕೋಡನ್ನು ಪುನಃ ಪರೀಕ್ಷಿಸುವುದು ಸಹಾಯಕ ಛಾಯಾಗ್ರಾಹಕನ ಹೊಣೆ.

ಒಬ್ಬ ಯಜಮಾನ, ಉಳಿದವರು ಅನುಯಾಯಿಗಳು

ಎಲ್ಲ ಉಪಕರಣಗಳಲ್ಲಿ ಒಂದನ್ನು ಮೂಲ ಗಡಿಯಾರವೆಂದು ನಿಶ್ಚಯಿಸಿಕೊಳ್ಳಬೇಕು. ರೂಢಿಯಲ್ಲಿ ಆ ಸ್ಥಾನ ಧ್ವನಿಮುದ್ರಕನ ರೆಕಾರ್ಡರಿಗೆ ಸಲ್ಲುತ್ತದೆ. ದಿನವಿಡೀ ಆರಿಸದೆ ಇಡುವ ಉಪಕರಣ ಅದೊಂದೇ ಎಂಬುದು ಮುಖ್ಯ ಕಾರಣ. ರೆಕಾರ್ಡರಿನ ಟೈಮ್‌ಕೋಡನ್ನು ದಿನದ ವೇಳೆಗೆ ಹೊಂದಿಸಿ ಫ್ರೀ ರನ್‌ನಲ್ಲಿಟ್ಟು, ಅದರ ಟೈಮ್‌ಕೋಡ್ ಔಟ್ ಕಿಂಡಿಯಿಂದ ಕ್ಯಾಮೆರಾದ ಟೈಮ್‌ಕೋಡ್ ಇನ್ ಕಿಂಡಿಗೆ ಕೇಬಲ್ ಜೋಡಿಸಿ, ಕ್ಯಾಮೆರಾ ಆ ಸಂಖ್ಯೆಯನ್ನು ಓದಿಕೊಂಡ ಮೇಲೆ ಕೇಬಲನ್ನು ತೆಗೆಯುವುದಕ್ಕೆ ‘ಜಾಮ್ ಸಿಂಕ್’ ಎನ್ನುತ್ತಾರೆ. ಗೋಡೆಯ ಗಡಿಯಾರ ನೋಡಿ ಕೈಗಡಿಯಾರವನ್ನು ಸರಿಪಡಿಸಿಕೊಂಡು ಹೊರಡುವಂತೆ. ಅಲ್ಲಿಂದ ಮುಂದೆ ಕ್ಯಾಮೆರಾ ತನ್ನದೇ ಕ್ವಾರ್ಟ್ಜ್ ಹರಳಿನ ಲಯದಲ್ಲಿ ಸಾಗುತ್ತದೆ.

ಮೊಬೈಲ್ ಫೋನಿನ ವೇಳೆ ನೋಡಿ ಎಲ್ಲ ಕ್ಯಾಮೆರಾಗಳನ್ನೂ ಕೈಯಿಂದಲೇ ಹೊಂದಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮನುಷ್ಯನ ಬೆರಳು ಫ್ರೇಮಿನ ನಿಖರತೆಯಲ್ಲಿ ಗುಂಡಿಯನ್ನು ಒತ್ತಲಾರದು. ಸಂಬಂಧಪಟ್ಟ ಕಡತಗಳನ್ನು ಹತ್ತಿರಕ್ಕೆ ತಂದುಕೊಳ್ಳಲು ಮಾತ್ರ ಅದು ಉಪಯುಕ್ತ.

ಹರಳುಗಳು ಪರಸ್ಪರ ಒಂದೇ ಲಯದಲ್ಲಿ ಸಾಗುವುದಿಲ್ಲವೆಂಬುದೇ ಇಡೀ ಸಮಸ್ಯೆಯ ಮೂಲ. ಹತ್ತು ಲಕ್ಷಕ್ಕೆ 10 ಭಾಗದಷ್ಟು ತಪ್ಪುವ ಹರಳು ಒಂಬತ್ತು ಗಂಟೆಗಳಲ್ಲಿ 324 ಮಿಲಿಸೆಕೆಂಡು, ಅಂದರೆ 25ರ ವೇಗದಲ್ಲಿ ಸುಮಾರು 8 ಫ್ರೇಮು ದೂರ ಸರಿಯುತ್ತದೆ. ಒಂದು ಕ್ಯಾಮೆರಾ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಸರಿದರೆ ಅಂತರ ಇಮ್ಮಡಿ. ಸೆಕೆ, ಚಳಿಗಳೂ ಹರಳಿನ ಲಯವನ್ನು ಬಾಧಿಸುತ್ತವೆ.

ಈ ಕಾರಣಕ್ಕಾಗಿಯೇ ಪ್ರತಿ ಕ್ಯಾಮೆರಾಕ್ಕೂ ಒಂದೊಂದು ಪುಟ್ಟ ಟೈಮ್‌ಕೋಡ್ ಪೆಟ್ಟಿಗೆಯನ್ನು ಕಟ್ಟುವ ಪದ್ಧತಿ ಬಂದಿತು. ಆ್ಯಂಬಿಯೆಂಟ್ ಸಂಸ್ಥೆಯ ‘ಲಾಕಿಟ್’ ಈ ವರ್ಗದಲ್ಲಿ ಎಷ್ಟು ಹೆಸರುವಾಸಿಯೆಂದರೆ ಬೇರೆ ಸಂಸ್ಥೆಗಳ ಪೆಟ್ಟಿಗೆಗಳನ್ನೂ ಚಿತ್ರೀಕರಣದ ಸ್ಥಳದಲ್ಲಿ ಲಾಕಿಟ್ ಎಂದೇ ಕರೆಯುವುದುಂಟು. ‘ಟೆಂಟಕಲ್ ಸಿಂಕ್’ ಇನ್ನೂ ಚಿಕ್ಕದು. ಇವುಗಳೊಳಗಿನ ಹರಳು ಉಷ್ಣತೆಯ ಏರಿಳಿತವನ್ನು ಸರಿದೂಗಿಸಿಕೊಳ್ಳುವಂಥದ್ದಾದ್ದರಿಂದ ಒಂದಿಡೀ ದಿನದಲ್ಲಿ ಒಂದು ಫ್ರೇಮಿಗಿಂತ ಕಡಿಮೆ ತಪ್ಪುತ್ತದೆ. ಬೆಳಗ್ಗೆ ಎಲ್ಲ ಪೆಟ್ಟಿಗೆಗಳನ್ನೂ ಪರಸ್ಪರ ಜಾಮ್ ಮಾಡಿ, ಒಂದನ್ನು ರೆಕಾರ್ಡರಿಗೆ, ಉಳಿದವನ್ನು ಒಂದೊಂದು ಕ್ಯಾಮೆರಾಕ್ಕೆ ಜೋಡಿಸಿ, ದಿನದ ಕೊನೆಯವರೆಗೂ ತೆಗೆಯದೆ ಬಿಡುವುದು ಅತ್ಯಂತ ಸುರಕ್ಷಿತ ಕ್ರಮ. ಕ್ಯಾಮೆರಾದ ಬ್ಯಾಟರಿ ಬದಲಿಸಿದಾಗ ಅದರೊಳಗಿನ ಎಣಿಕೆ ಕಳೆದುಹೋದರೂ, ಪುನಃ ಚಾಲನೆಗೊಂಡ ಕೂಡಲೇ ಪೆಟ್ಟಿಗೆಯಿಂದ ಸರಿಯಾದ ಸಂಖ್ಯೆ ದೊರೆಯುತ್ತದೆ. ಜಾಮ್ ಮಾಡಿ ಕೇಬಲ್ ತೆಗೆದವರಿಗೆ ಈ ರಕ್ಷಣೆಯಿಲ್ಲ. ಅವರು ಪ್ರತಿ ಬ್ಯಾಟರಿ ಬದಲಾವಣೆಯ ನಂತರ ಪರೀಕ್ಷಿಸಬೇಕು, ಊಟದ ವಿರಾಮದಲ್ಲಿ ಪುನಃ ಜಾಮ್ ಮಾಡಬೇಕು.

ಕ್ಯಾಮೆರಾವಾರು ವ್ಯತ್ಯಾಸಗಳು

2010ರಲ್ಲಿ ಬಂದ ಆರಿ ಅಲೆಕ್ಸಾದಲ್ಲಿಯೂ ಅದರ ನಂತರದ ಅಲೆಕ್ಸಾ ಮಿನಿಯಲ್ಲಿಯೂ ಟೈಮ್‌ಕೋಡಿಗೆ ಐದು ಮೊನೆಗಳ ಲೆಮೋ ಕಿಂಡಿಯಿದೆ. ಇದೇ ಕಿಂಡಿ ಒಳಬರುವ ಹಾಗೂ ಹೊರಹೋಗುವ ಸಂಕೇತಗಳೆರಡಕ್ಕೂ ಉಪಯೋಗವಾಗುತ್ತದೆ. ಮೆನುವಿನಲ್ಲಿ ಹೊರಗಿನ ಮೂಲವನ್ನು ಸ್ವೀಕರಿಸುವ ಎರಡು ಬಗೆಗಳಿವೆ: ಒಮ್ಮೆ ಓದಿಕೊಂಡು ಸ್ವತಂತ್ರವಾಗುವ ಜಾಮ್ ಸಿಂಕ್, ಹಾಗೂ ಒಳಬರುವ ಸಂಖ್ಯೆಯನ್ನೇ ಸತತವಾಗಿ ಅನುಸರಿಸುವ ರೀಜೆನ್. ಪೆಟ್ಟಿಗೆ ಸದಾ ಕ್ಯಾಮೆರಾದ ಮೇಲಿರುವುದಾದರೆ ರೀಜೆನ್ ಸರಿ. ಕೇಬಲ್ ತೆಗೆಯುವುದಾದರೆ ಜಾಮ್ ಸಿಂಕ್. ಇದನ್ನು ಅದಲುಬದಲು ಮಾಡಿದಲ್ಲಿ ಕೇಬಲ್ ಸಡಿಲವಾದ ಗಳಿಗೆಯಿಂದ ಟೈಮ್‌ಕೋಡ್ ನಂಬಿಕೆಗೆ ಅರ್ಹವಲ್ಲ.

ಸೋನಿಯ ಎಫ್‌ಎಕ್ಸ್6ರಂತಹ ಕ್ಯಾಮೆರಾಗಳಲ್ಲಿ ಬಿಎನ್‌ಸಿ ಕಿಂಡಿಯಿರುತ್ತದೆ. ಮೆನುವಿನಲ್ಲಿ ಪ್ರೀಸೆಟ್ ಹಾಗೂ ಫ್ರೀ ರನ್ ಎಂಬ ಆಯ್ಕೆಗಳನ್ನು ಮಾಡಬೇಕು. ಒಂದೇ ಕಿಂಡಿ ಇನ್ ಮತ್ತು ಔಟ್ ಎರಡೂ ಆಗಿರುವ ಮಾದರಿಗಳಲ್ಲಿ ಅದನ್ನು ಇನ್‌ಗೆ ಬದಲಾಯಿಸಲು ಮರೆಯುವುದು ಸರ್ವೇಸಾಮಾನ್ಯ; ಆಗ ಪೆಟ್ಟಿಗೆಯೂ ಮಾತನಾಡುತ್ತಿರುತ್ತದೆ, ಕ್ಯಾಮೆರಾವೂ ಮಾತನಾಡುತ್ತಿರುತ್ತದೆ, ಕೇಳುವವರು ಯಾರೂ ಇಲ್ಲ. ಚಿಕ್ಕ ಎಫ್‌ಎಕ್ಸ್3ರಲ್ಲಿ ಬಿಎನ್‌ಸಿ ಕಿಂಡಿಯಿಲ್ಲ. ಅದರ ಮಲ್ಟಿ ಟರ್ಮಿನಲ್‌ಗೆ ಜೋಡಿಸುವ, ವಿಎಂಸಿ-ಬಿಎನ್‌ಸಿಎಂ1 ಎಂಬ ಹೆಸರಿನ ಪ್ರತ್ಯೇಕ ಕೇಬಲನ್ನು ಕೊಳ್ಳಬೇಕಾಗುತ್ತದೆ.

ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಸಿನಿಮಾ ಕ್ಯಾಮೆರಾ 4ಕೆ (2018) ಟೈಮ್‌ಕೋಡನ್ನು ಸ್ವೀಕರಿಸುವುದು 3.5 ಮಿಲಿಮೀಟರಿನ ಮೈಕ್ ಕಿಂಡಿಯ ಮೂಲಕ. ಒಳಬರುತ್ತಿರುವುದು ಮಾತಲ್ಲ, ಎಲ್‌ಟಿಸಿ ಎಂಬುದನ್ನು ಕ್ಯಾಮೆರಾ ತಾನಾಗಿಯೇ ಗುರುತಿಸುತ್ತದೆ. ಕಿಂಡಿ ಟೈಮ್‌ಕೋಡಿಗೆ ಮೀಸಲಾದುದರಿಂದ ಹೊರಗಿನ ಮೈಕಿಗೆ ಬೇರೆ ದಾರಿ ನೋಡಿಕೊಳ್ಳಬೇಕೆಂಬುದಷ್ಟೇ ಅನಾನುಕೂಲ.

ಟೈಮ್‌ಕೋಡಿನ ಕಿಂಡಿಯೇ ಇಲ್ಲದ ಕ್ಯಾಮೆರಾಗಳೂ ಹೇರಳವಾಗಿವೆ. ನಮ್ಮ ಊರುಗಳಲ್ಲಿ ಮದುವೆ ಮತ್ತು ಉತ್ಸವಗಳನ್ನು ಚಿತ್ರೀಕರಿಸುವವರ ಕೈಯಲ್ಲಿರುವ ಡಿಎಸ್‌ಎಲ್‌ಆರ್, ಮಿರರ್‌ಲೆಸ್‌ಗಳಲ್ಲಿ ಬಹುಪಾಲು ಇಂಥವೇ. ಎಲ್‌ಟಿಸಿ ಸಂಕೇತವನ್ನು ಶಬ್ದವಾಗಿ ಮುದ್ರಿಸಬಹುದೆಂಬ ಗುಣ ಇಲ್ಲಿ ನೆರವಿಗೆ ಬರುತ್ತದೆ. ಪೆಟ್ಟಿಗೆಯ ಸಂಕೇತವನ್ನು ಮೈಕ್ ಕಿಂಡಿಗೆ ಕೊಟ್ಟರೆ ಚಿತ್ರದ ಜೊತೆಗಿನ ಧ್ವನಿಯ ಎರಡು ವಾಹಿನಿಗಳಲ್ಲಿ ಒಂದರಲ್ಲಿ ಟೈಮ್‌ಕೋಡ್ ದಾಖಲಾಗುತ್ತದೆ. ಮುದ್ರಣದ ಮಟ್ಟವನ್ನು ಕೈಯಿಂದಲೇ ನಿಗದಿಪಡಿಸಿ, ಸ್ವಯಂಚಾಲಿತ ಮಟ್ಟ ನಿಯಂತ್ರಣವನ್ನೂ ಗಾಳಿಯ ಸದ್ದು ಕಡಿಮೆ ಮಾಡುವ ಸೌಲಭ್ಯವನ್ನೂ ಆರಿಸಿಡುವುದು ಕಡ್ಡಾಯ. ಮಟ್ಟ ಹೆಚ್ಚಾದರೆ ಸಂಕೇತ ವಿಕೃತಗೊಳ್ಳುವುದಲ್ಲದೆ ಪಕ್ಕದ ವಾಹಿನಿಗೂ ಅದರ ಗುಂಯ್‌ಗುಟ್ಟುವಿಕೆ ಸೋರುತ್ತದೆ. ಸಂಕಲನದ ವೇಳೆ ಡಾವಿಂಚಿ ರಿಸಾಲ್ವ್, ಆವಿಡ್ ಮುಂತಾದ ತಂತ್ರಾಂಶಗಳು ಈ ಧ್ವನಿಯನ್ನು ಓದಿ ಸಂಖ್ಯೆಯಾಗಿ ಪರಿವರ್ತಿಸುತ್ತವೆ.

ವಿಳಾಸವೇ ಹೊರತು ಹಗ್ಗವಲ್ಲ

ಟೈಮ್‌ಕೋಡಿನ ಬಗ್ಗೆ ಅತಿ ಹೆಚ್ಚು ಹಬ್ಬಿರುವ ತಪ್ಪು ಕಲ್ಪನೆಯೆಂದರೆ, ಪೆಟ್ಟಿಗೆ ಕಟ್ಟಿದ ಮೇಲೆ ಕ್ಯಾಮೆರಾ ಮತ್ತು ರೆಕಾರ್ಡರ್ ಎಷ್ಟು ಹೊತ್ತು ಓಡಿದರೂ ಜೊತೆಯಾಗಿಯೇ ಓಡುತ್ತವೆ ಎಂಬುದು. ವಸ್ತುಸ್ಥಿತಿ ಹಾಗಿಲ್ಲ.

ಟೈಮ್‌ಕೋಡ್ ಹೇಳುವುದು ಈ ಫ್ರೇಮಿನ ವಿಳಾಸವೇನು ಎಂಬುದನ್ನು ಮಾತ್ರ. ಮುಂದಿನ ಫ್ರೇಮು ಯಾವಾಗ ಆರಂಭವಾಗಬೇಕೆಂಬುದನ್ನು ತೀರ್ಮಾನಿಸುವುದು ಕ್ಯಾಮೆರಾದೊಳಗಿನ ಹರಳು. ಧ್ವನಿಯ ಮಾದರಿಗಳ ವೇಗವನ್ನು ನಿರ್ಧರಿಸುವುದು ರೆಕಾರ್ಡರಿನ ಹರಳು. ಸಂಕಲನ ತಂತ್ರಾಂಶ ಸಾಮಾನ್ಯವಾಗಿ ಕಡತದ ಆರಂಭದ ಸಂಖ್ಯೆಯನ್ನು ಓದಿ, ಅಲ್ಲಿಂದ ಮುಂದೆ ಫ್ರೇಮುಗಳನ್ನು ಎಣಿಸುತ್ತ ಹೋಗುತ್ತದೆ. ಹೀಗಾಗಿ ಕಡತದ ತಲೆ ಸರಿಯಾಗಿ ಕೂಡಿದರೂ ಬಾಲ ಕೂಡಬೇಕೆಂದೇನೂ ಇಲ್ಲ. ಎರಡು ನಿಮಿಷಗಳ ಟೇಕಿನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬಾರದು; ಕಥಾಚಿತ್ರ ಮಾಡುವವರು ಇದನ್ನು ಗಮನಿಸದೆಯೇ ವೃತ್ತಿಜೀವನ ಮುಗಿಸಬಹುದು. ಬಯಲಾಟದಲ್ಲಿ ಹಾಗಲ್ಲ. ಒಡ್ಡೋಲಗದಿಂದ ಮಂಗಳದವರೆಗೆ ಒಂದೇ ಕಡತದಲ್ಲಿ ಮುದ್ರಿಸಿದ ಧ್ವನಿಯ ಎದುರು ಅಷ್ಟೇ ದೀರ್ಘವಾದ ಚಿತ್ರವನ್ನಿಟ್ಟರೆ, ಬೆಳಗಿನ ಜಾವದ ಹೊತ್ತಿಗೆ ವೇಷಧಾರಿಯ ಹೆಜ್ಜೆಯೊಂದು ಕಡೆ, ಚೆಂಡೆಯೊಂದು ಕಡೆ.

ಪರಿಹಾರ ಸರಳವಾಗಿದೆ. ಸುಮಾರು ಅರ್ಧ ಗಂಟೆಗೊಮ್ಮೆ ಪ್ರತಿ ಕ್ಯಾಮೆರಾವನ್ನೂ ನಿಲ್ಲಿಸಿ ತಕ್ಷಣ ಮತ್ತೆ ಆರಂಭಿಸಬೇಕು. ಆಗ ಹೊಸ ಕಡತ ಹೊಸ ವಿಳಾಸದೊಂದಿಗೆ ಹುಟ್ಟುತ್ತದೆ, ಹಳೆಯ ಸರಿತ ಅಲ್ಲಿಗೆ ರದ್ದಾಗುತ್ತದೆ. ಹತ್ತು ಲಕ್ಷಕ್ಕೆ 10 ಭಾಗ ತಪ್ಪುವ ಹರಳೇ ಆದರೂ 30 ನಿಮಿಷಗಳಲ್ಲಿ ಸರಿಯುವುದು 18 ಮಿಲಿಸೆಕೆಂಡು, ಅರ್ಧ ಫ್ರೇಮಿಗಿಂತ ಕಡಿಮೆ. ಆದರೆ ಮೂರು ಕ್ಯಾಮೆರಾಗಳನ್ನೂ ಒಟ್ಟಿಗೆ ನಿಲ್ಲಿಸಬಾರದು. ಒಂದು ನಿಂತಾಗ ಉಳಿದೆರಡು ಓಡುತ್ತಿರಲಿ. ಭಾಗವತರು ಪದ್ಯ ಮುಗಿಸಿ ಮಾತು ಆರಂಭವಾಗುವ ಸಂಧಿಗಳನ್ನು ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಪ್ರಸಂಗ ತಿಳಿದ ಛಾಯಾಗ್ರಾಹಕನಿಗೂ ತಿಳಿಯದವನಿಗೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ.

ನಿಲ್ಲಿಸಲೇಬಾರದೆಂಬ ಅನಿವಾರ್ಯವಿದ್ದಲ್ಲಿ ಜೆನ್‌ಲಾಕ್ ಬೇಕು. ಇದು ಪ್ರತಿ ಫ್ರೇಮಿನ ಆರಂಭವನ್ನೇ ಹೊರಗಿನ ಸಂಕೇತಕ್ಕೆ ಬಿಗಿಯುವ ವ್ಯವಸ್ಥೆ. ಲಾಕಿಟ್‌ನಂತಹ ಪೆಟ್ಟಿಗೆಗಳು ಟೈಮ್‌ಕೋಡಿನ ಜೊತೆಗೆ ಜೆನ್‌ಲಾಕ್ ಸಂಕೇತವನ್ನೂ ಕೊಡಬಲ್ಲವು. ಅದನ್ನು ಸ್ವೀಕರಿಸುವ ಕಿಂಡಿ ಕ್ಯಾಮೆರಾದಲ್ಲಿರಬೇಕು, ರೆಕಾರ್ಡರಿಗೂ ಅದೇ ಮೂಲದಿಂದ ವರ್ಡ್ ಕ್ಲಾಕ್ ಸಂಕೇತ ಹೋಗಬೇಕು. ಎರಡು ಕಣ್ಣುಗಳಿಗೆ ಎರಡು ಕ್ಯಾಮೆರಾ ಬಳಸುವ ತ್ರೀಡಿ ಚಿತ್ರೀಕರಣದಲ್ಲಿಯೂ, ಎಲ್‌ಇಡಿ ಗೋಡೆಯ ಮುಂದಿನ ಚಿತ್ರೀಕರಣದಲ್ಲಿಯೂ ಜೆನ್‌ಲಾಕ್ ಇಲ್ಲದೆ ನಡೆಯದು.

ನಡುರಾತ್ರಿಯ ಸಮಸ್ಯೆ

ಟೈಮ್‌ಕೋಡಿಗೆ ದಿನಾಂಕವಿಲ್ಲ. 23:59:59:24ರ ನಂತರ 25ರ ವೇಗದಲ್ಲಿ ಬರುವುದು 00:00:00:00. ದಿನದ ವೇಳೆಯನ್ನೇ ಟೈಮ್‌ಕೋಡ್ ಮಾಡಿಕೊಂಡು ರಾತ್ರಿ 10ಕ್ಕೆ ಆಟವನ್ನು ದಾಖಲಿಸಲು ತೊಡಗಿದರೆ ನಡುರಾತ್ರಿಯ ಮೇಲಿನ ಕಡತಗಳೆಲ್ಲ ಸಂಕಲನದ ಪಟ್ಟಿಯಲ್ಲಿ ಮೊದಲಿಗೆ ಬಂದು ಕುಳಿತುಕೊಳ್ಳುತ್ತವೆ. ಹನ್ನೆರಡನ್ನು ದಾಟುವ ಕಡತವನ್ನಂತೂ ಕೆಲವು ತಂತ್ರಾಂಶಗಳು ಅರ್ಥಮಾಡಿಕೊಳ್ಳುವುದೇ ಇಲ್ಲ. ರಾತ್ರಿಯ ಚಿತ್ರೀಕರಣಕ್ಕೆ ಮೂಲ ಗಡಿಯಾರವನ್ನು 10 ಗಂಟೆಯಷ್ಟು ಹಿಂದಕ್ಕೆ ಇಡುವುದು ಒಳ್ಳೆಯದು. ರಾತ್ರಿ 10 ಆಗ 12:00:00:00 ಆಗುತ್ತದೆ, ಬೆಳಗಿನ 6 ಆಗ 20:00:00:00. ಲೆಕ್ಕವೂ ಸುಲಭ. ಈ ಬದಲಾವಣೆಯನ್ನು ಧ್ವನಿಯ ವರದಿಯಲ್ಲಿ ಬರೆದಿಡಬೇಕು. ಬಳಕೆದಾರರ 32 ಬಿಟ್‌ಗಳಲ್ಲಿ ಎಂಟು ಅಂಕಿಗಳು ಹಿಡಿಸುವುದರಿಂದ ಅಲ್ಲಿ ದಿನಾಂಕವನ್ನು ದಾಖಲಿಸುವ ರೂಢಿಯೂ ಉಂಟು.

ಕ್ಲ್ಯಾಪ್ ಬೋರ್ಡಿಗೆ ವಿದಾಯವಿಲ್ಲ

ಕ್ಯಾಮೆರಾದ ತೆರೆಯ ಮೇಲೂ ರೆಕಾರ್ಡರಿನ ತೆರೆಯ ಮೇಲೂ ಒಂದೇ ಸಂಖ್ಯೆ ಓಡುತ್ತಿರುವುದನ್ನು ಕಂಡು ತೃಪ್ತರಾಗುವುದು ಸಾಲದು. ಸಂವೇದಕ ಬೆಳಕನ್ನು ಓದಿ ಕಡತಕ್ಕೆ ಬರೆಯುವ ನಡುವಿನ ಹಂತಗಳಿಂದಾಗಿ ಕೆಲವು ಕ್ಯಾಮೆರಾಗಳಲ್ಲಿ ಚಿತ್ರಕ್ಕೂ ಅದರ ಸಂಖ್ಯೆಗೂ ಒಂದೆರಡು ಫ್ರೇಮುಗಳ ಸ್ಥಿರವಾದ ಅಂತರ ಇರಬಹುದು. ಸ್ಥಿರವಾದುದರಿಂದ ಅದನ್ನು ಸಂಕಲನದಲ್ಲಿ ಒಟ್ಟಾಗಿ ಸರಿಪಡಿಸಬಹುದು. ಆದರೆ ಎಷ್ಟೆಂದು ಗೊತ್ತಿರಬೇಕಲ್ಲ. ಆದ್ದರಿಂದ ಆರಂಭಕ್ಕೆ ಮುನ್ನ ಎಲ್ಲ ಕ್ಯಾಮೆರಾಗಳನ್ನೂ ಒಂದೇ ಕ್ಲ್ಯಾಪ್ ಬೋರ್ಡಿನತ್ತ ತಿರುಗಿಸಿ, ರೆಕಾರ್ಡರಿನ ಮೈಕನ್ನು ಅದರ ಸಮೀಪವೇ ಹಿಡಿದು, ಒಂದು ಕ್ಲ್ಯಾಪ್ ಮುದ್ರಿಸಿಕೊಂಡು, ಆ ಕಡತಗಳನ್ನು ಅಲ್ಲಿಯೇ ಲ್ಯಾಪ್‌ಟಾಪಿನಲ್ಲಿ ಕೂಡಿಸಿ ನೋಡುವುದು ಕ್ಷೇಮ. ಹತ್ತು ನಿಮಿಷದ ಕೆಲಸ. ಚೌಕಿಯಲ್ಲಿ ಬಣ್ಣ ಹಚ್ಚುವ ಹೊತ್ತಿನಲ್ಲಿ ಇದನ್ನು ಮುಗಿಸಬಹುದು.

ಮೈಕ್ ಸಮೀಪವಿರಬೇಕೆಂಬುದಕ್ಕೆ ಭೌತಶಾಸ್ತ್ರದ ಕಾರಣವಿದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆ. ರಂಗಸ್ಥಳದಿಂದ 20 ಮೀಟರು ದೂರದ ಕ್ಯಾಮೆರಾಕ್ಕೆ ಚೆಂಡೆಯ ಸದ್ದು 58 ಮಿಲಿಸೆಕೆಂಡು ತಡವಾಗಿ, ಅಂದರೆ ಸುಮಾರು ಒಂದೂವರೆ ಫ್ರೇಮು ಹಿಂದಾಗಿ ತಲುಪುತ್ತದೆ. ಚಿತ್ರವಾದರೋ ಆ ಕ್ಷಣವೇ. ಧ್ವನಿಯ ಅಲೆಗಳನ್ನು ಹೋಲಿಸಿ ಕಡತಗಳನ್ನು ಕೂಡಿಸುವ ಸೌಲಭ್ಯ ಇಂದಿನ ತಂತ್ರಾಂಶಗಳಲ್ಲಿರುವಾಗ ಟೈಮ್‌ಕೋಡ್ ಏಕೆ ಎಂಬ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಅಲೆಗಳ ಹೋಲಿಕೆಯು ದೂರದ ಕ್ಯಾಮೆರಾದ ಚಿತ್ರವನ್ನು ಅಷ್ಟು ಮುಂದಕ್ಕೆ ಎಳೆದು ಕೂಡಿಸುತ್ತದೆ, ಹತ್ತಿರದ ಕ್ಯಾಮೆರಾದ್ದನ್ನು ಎಳೆಯುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಕತ್ತರಿಸಿದಾಗ ಹೆಜ್ಜೆ ಮುಗ್ಗರಿಸಿದಂತೆ ಕಾಣುತ್ತದೆ. ಆದರೂ ಕ್ಯಾಮೆರಾದ ಸ್ವಂತ ಮೈಕನ್ನು ಆರಿಸಬಾರದು. ಪೆಟ್ಟಿಗೆಯ ಬ್ಯಾಟರಿ ತೀರಿಹೋದ ರಾತ್ರಿ ಆ ಕೆಟ್ಟ ಧ್ವನಿಯೇ ಗತಿ.

ಸಂಕಲನದ ಕೊಠಡಿಯಲ್ಲಿ

ರೆಕಾರ್ಡರಿನ ಬ್ರಾಡ್‌ಕಾಸ್ಟ್ ವೇವ್ ಕಡತದಲ್ಲಿ ಕಾಲವು ಫ್ರೇಮುಗಳಲ್ಲಿ ಅಲ್ಲ, ನಡುರಾತ್ರಿಯಿಂದ ಎಣಿಸಿದ ಧ್ವನಿಮಾದರಿಗಳ ಸಂಖ್ಯೆಯಲ್ಲಿ ದಾಖಲಾಗಿರುತ್ತದೆ. 48 ಕಿಲೋಹರ್ಟ್ಜ್ ಮುದ್ರಣದಲ್ಲಿ 25ರ ವೇಗದ ಒಂದು ಫ್ರೇಮಿಗೆ 1920 ಮಾದರಿಗಳು, 24ಕ್ಕೆ 2000. ಆದುದರಿಂದ ಪ್ರಾಜೆಕ್ಟಿನ ವೇಗವನ್ನು ತಂತ್ರಾಂಶದಲ್ಲಿ ಮೊದಲೇ ಸರಿಯಾಗಿ ನಮೂದಿಸಿ, ನಂತರವೇ ಕಡತಗಳನ್ನು ಒಳಗೆ ತರಬೇಕು. ಡಾವಿಂಚಿ ರಿಸಾಲ್ವ್‌ನಲ್ಲಿ ಚಿತ್ರ ಮತ್ತು ಧ್ವನಿಯ ಕಡತಗಳನ್ನು ಮೀಡಿಯಾ ಪೂಲ್‌ನಲ್ಲಿ ಒಟ್ಟಿಗೆ ಆಯ್ದುಕೊಂಡು, ಆಟೋ ಸಿಂಕ್ ಆಡಿಯೋ ಎಂಬಲ್ಲಿ ಟೈಮ್‌ಕೋಡ್ ಆಧಾರದ ಆಯ್ಕೆಯನ್ನು ಒತ್ತಿದರೆ ಜೋಡಣೆ ಮುಗಿಯುತ್ತದೆ.

ಜೋಡಣೆಯಾದ ಮೇಲೆ ಪ್ರತಿ ಕಡತದ ಆರಂಭವನ್ನಲ್ಲ, ಕೊನೆಯ ನಿಮಿಷವನ್ನು ನೋಡಬೇಕು. ಕೋಲು ಚೆಂಡೆಗೆ ತಾಗುವ ಫ್ರೇಮನ್ನು ಹುಡುಕಿ, ಧ್ವನಿಯ ಅಲೆ ಏಳುವ ಜಾಗದೊಂದಿಗೆ ಹೋಲಿಸಬೇಕು. ಅಂತರ ಎಲ್ಲ ಕಡತಗಳಲ್ಲಿಯೂ ಒಂದೇ ಆಗಿದ್ದರೆ ಅದು ಕ್ಯಾಮೆರಾದ ಸ್ಥಿರ ವಿಳಂಬ. ಕಡತದ ಆರಂಭದಲ್ಲಿ ಇಲ್ಲದೆ ಕೊನೆಯಲ್ಲಿ ಮಾತ್ರ ಇದ್ದರೆ ಹರಳಿನ ಸರಿತ. ಗಂಟೆಗೆ ಮೂರೂವರೆ ಸೆಕೆಂಡಿನಷ್ಟು ಬೆಳೆಯುತ್ತಿದ್ದರೆ ಯಾವುದೋ ಒಂದು ಉಪಕರಣ 23.976 ಅಥವಾ 29.97ರಂತಹ ವೇಗದಲ್ಲಿ ಉಳಿದುಕೊಂಡಿದೆ ಎಂದರ್ಥ.